ಜಾಮ್ ಆದ ಬಾಲ್ ಜಾಯಿಂಟ್ ಬಿಚ್ಚಿದ ಕಥೆ

ಕುಂದಾಪುರದ ಕಡೆ ಕಾರು ಇಟ್ಟುಕೊಂಡವರಿಗೆ ತುಕ್ಕಿನ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಆ ರಸ್ತೆಯಲ್ಲಿ ದಿನಾ ಓಡಾಡುವ ಗಾಡಿಯ ಮೇಲ್ಭಾಗ ಪಾಲಿಶ್ ಹೊಡೆದು ಎಷ್ಟೇ ಚೆಂದ ಇಟ್ಟುಕೊಳ್ಳಿ, ಅಡಿಭಾಗದ ಬೋಲ್ಟುಗಳು ಕಂದು ಬಣ್ಣಕ್ಕೆ ತಿರುಗಿರುತ್ತವೆ. ನನ್ನ ಹಳೇ ಆಲ್ಟೋ ಕೂಡ ಹಾಗೇ. ಅದರ ಮುಂದಿನ ಎರಡೂ ಲೋವರ್ ಆರ್ಮ್‌ಗಳನ್ನು ಮನೆಯಂಗಳದಲ್ಲೇ ಬದಲಿಸಿದೆ. ಲೋವರ್ ಆರ್ಮ್ ಅಂದರೆ ಚಕ್ರವನ್ನು ಕೆಳಗಿನಿಂದ ಬಾಡಿಗೆ ಜೋಡಿಸುವ ತೋಳು, ಅದರ ಹೊರತುದಿಯಲ್ಲಿರುವ ಗುಂಡು-ಬಟ್ಟಲಿನ ಕೀಲೇ ಬಾಲ್ ಜಾಯಿಂಟ್. ಎಡಗಡೆಯದು ಸುಮ್ನೆ ಬಂತು. ಬಲಗಡೆಯದು ಜೀವ ತಿಂದಿತು. ಹಾಗಾಗಿ ಇಲ್ಲಿ ಬರೆಯುವುದು ಜಾಸ್ತಿ ಬಲಗಡೆಯದರ ಬಗ್ಗೆಯೇ.

ಮೊದಲು ಬಾಲ್ ಜಾಯಿಂಟ್ ನಿಜವಾಗಿ ಹೋಗಿದೆಯಾ ಅಂತ ನೋಡಬೇಕು. ಹಂಪ್ ಹತ್ತಿ ಇಳಿಯುವಾಗ ‘ಟಕ್’ ಅಂತ ಸದ್ದು ಬಂದರೆ ಅದು ಬುಷ್ (ಆರ್ಮಿನ ಒಳತುದಿಯ ರಬ್ಬರ್) ಇರಬಹುದು, ಸ್ಟ್ರಟ್ ಮೌಂಟ್ (ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ಹಿಡಿ) ಇರಬಹುದು. ನಾನು ಮಾಡಿದ್ದು ಇಷ್ಟು. ಕಾರನ್ನು ಎತ್ತಿ ಚಕ್ರ ಗಾಳಿಯಲ್ಲಿ ತೂಗುವ ಹಾಗೆ ಬಿಟ್ಟೆ. ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿದೆ. ಆಟ ಇತ್ತು. ಆಟ ಬೇರಿಂಗಿನದ್ದೂ ಆಗಿರಬಹುದಲ್ವಾ? ಅದಕ್ಕೆ ಭಾವನನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿದೆ. ಬ್ರೇಕ್ ಒತ್ತಿದಾಗ ಆಟ ನಿಂತರೆ ದೋಷ ಬೇರಿಂಗಿನದ್ದು. ನಿಲ್ಲದಿದ್ದರೆ ಕೆಳಗೆ ನೋಡಬೇಕು. ನಂದು ನಿಲ್ಲಲಿಲ್ಲ. ಆರ್ಮ್ ಮತ್ತು ನಕಲ್ (ಚಕ್ರವನ್ನು ಹಿಡಿದಿರುವ ಲೋಹದ ಭಾಗ) ನಡುವೆ ಕಬ್ಬಿಣದ ಸಲಾಕೆ ಕೊಟ್ಟು ಮೀಟಿದಾಗ ಜಾಯಿಂಟ್ ಮೇಲೆ ಕೆಳಗೆ ಕುಣಿಯುವುದು ಕಣ್ಣಿಗೇ ಕಂಡಿತು. ರಬ್ಬರ್ ಬೂಟ್ ಹರಿದು, ಒಳಗಿನ ಗ್ರೀಸು ಮರಳು ಸೇರಿ ಕಪ್ಪಗೆ ಗಟ್ಟಿಯಾಗಿತ್ತು. ಇದನ್ನು ಹಾಗೇ ಓಡಿಸುವಂತಿಲ್ಲ. ಜಾಯಿಂಟ್ ಕಳಚಿಕೊಂಡರೆ ಚಕ್ರ ಹೊರಗೆ ಮಡಚಿಕೊಳ್ಳುತ್ತದೆ, ಸ್ಟೇರಿಂಗ್ ತಿರುಗಿಸಿ ಏನೂ ಪ್ರಯೋಜನವಿಲ್ಲ.

ಅಂಗಡಿಯಲ್ಲಿ ಬರೀ ಬಾಲ್ ಜಾಯಿಂಟೂ ಸಿಗುತ್ತದೆ, ಪೂರ್ತಿ ಆರ್ಮೂ ಸಿಗುತ್ತದೆ. ಬರೀ ಜಾಯಿಂಟ್ ಅಗ್ಗ. ಆದರೆ ಹಳೆಯದನ್ನು ಪ್ರೆಸ್‌ನಲ್ಲಿ ಹೊಡೆದು ತೆಗೆದು ಹೊಸದನ್ನು ಕೂರಿಸಬೇಕು. ಆರ್ಮಿನ ತೂತು ಸ್ವಲ್ಪ ಸವೆದಿದ್ದರೂ ಅದು ಬಿಗಿಯಾಗಿ ಕೂರುವುದಿಲ್ಲ. ಆಗ ಕೆಲವರು ಸುತ್ತ ಎರಡು ಮೂರು ಕಡೆ ವೆಲ್ಡಿಂಗ್ ಚುಕ್ಕೆ ಇಟ್ಟು ಕಳಿಸುತ್ತಾರೆ. ಜಾಯಿಂಟಿನೊಳಗೆ ಗುಂಡು ಕೂತಿರುವುದು ಪ್ಲಾಸ್ಟಿಕ್ ಬಟ್ಟಲಿನಲ್ಲಿ. ವೆಲ್ಡಿಂಗ್ ಬಿಸಿಗೆ ಅದು, ಗ್ರೀಸು ಎಲ್ಲಾ ಸುಟ್ಟು ಹೋಗುತ್ತದೆ. ಹೊಸ ಜಾಯಿಂಟ್ ಮೊದಲ ದಿನವೇ ಹಳೆಯದಾದ ಹಾಗೆ. ನಾನು ಪೂರ್ತಿ ಆರ್ಮೇ ತಂದೆ. ಬುಷ್ ಕೂಡ ಹೊಸದಾಗಿ ಬಂತು.

ಎತ್ತುವಾಗ ಮುಂದಿನ ಎರಡೂ ಬದಿ ಎತ್ತಬೇಕು. ಈ ಆಲ್ಟೋದಲ್ಲಿ, ತಿರುವಿಗೆ ಕಾರು ವಾಲದಂತೆ ಎರಡೂ ಬದಿಯನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್‌ನ ತುದಿ ನೇರವಾಗಿ ಆರ್ಮಿನೊಳಗೆ ಹೋಗಿ ಕೂತಿರುತ್ತದೆ. ಒಂದೇ ಬದಿ ಎತ್ತಿದರೆ ಬಾರ್ ತಿರುಚಿಕೊಂಡು ಆರ್ಮನ್ನು ಒತ್ತಿ ಹಿಡಿಯುತ್ತದೆ, ಬಿಚ್ಚುವುದೂ ಕಷ್ಟ, ಕೂರಿಸುವುದು ಇನ್ನೂ ಕಷ್ಟ. ಎರಡೂ ಕಡೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕಾರಿನಡಿಗೆ ಹೋಗಲೇಬೇಡಿ. ಬಿಚ್ಚಿದ ಚಕ್ರವನ್ನೂ ಬಾಡಿಯ ಅಡಿಗೆ ತಳ್ಳಿಡಿ.

ಈಗ ಅಸಲಿ ವಿಷಯ. ಬಾಲ್ ಜಾಯಿಂಟ್ ನಕಲ್‌ಗೆ ಕೂರುವುದರಲ್ಲಿ ಎರಡು ಜಾತಿ. ಒಂದರಲ್ಲಿ ಸ್ಟಡ್ಡು (ಗುಂಡಿನಿಂದ ಮೇಲೆದ್ದ ಸರಳು) ತುದಿಗೆ ಹೋದಂತೆ ಸಪೂರವಾಗಿ, ಮೇಲೆ ನಟ್ಟು ಇರುತ್ತದೆ. ಅದಕ್ಕೆ ನಕಲ್‌ನ ಕಿವಿಯ (ಸ್ಟಡ್ಡು ತೂರುವ ತೂತಿನ ಭಾಗದ) ಬದಿಗೆ ಸುತ್ತಿಗೆಯ ಒಳ್ಳೆ ಪೆಟ್ಟು ಕೊಟ್ಟರೆ ಸ್ಟಡ್ಡು ಕಳಚಿ ಬೀಳುತ್ತದೆ. ಇನ್ನೊಂದರಲ್ಲಿ ಸ್ಟಡ್ಡು ನೇರ. ನಕಲ್‌ನ ಕಿವಿಗೆ ಒಂದು ಸೀಳು, ಅಡ್ಡಕ್ಕೆ ಒಂದು ಬೋಲ್ಟು. ಬೋಲ್ಟು ಬಿಗಿದಾಗ ಕಿವಿ ಸ್ಟಡ್ಡನ್ನು ಅಮುಕಿ ಹಿಡಿಯುತ್ತದೆ. ಮಾರುತಿಯ ಸಣ್ಣ ಕಾರುಗಳಲ್ಲಿ ಇರುವುದು ಇದು. ಇದಕ್ಕೆ ಬದಿಯಿಂದ ಪೆಟ್ಟು ಕೊಟ್ಟರೆ ಸೀಳು ಇನ್ನಷ್ಟು ಮುಚ್ಚಿಕೊಳ್ಳುತ್ತದೆ, ಅಷ್ಟೇ. ನಮ್ಮೂರಿನ ಹಳೇ ಮೆಕ್ಯಾನಿಕ್ ಒಬ್ಬರು ಪಾರ್ಟ್ಸ್ ಅಂಗಡಿಯಲ್ಲಿ ಸಿಕ್ಕಾಗ ಹೇಳಿದ ಮಾತು: “ಹೊಡದ್ರೆ ಬತ್ತಿಲ್ಲ ಮಾರಾಯ್ರೆ, ಬಾಯಿ ಬಿಡಿಸ್ಕ್.”

ಬಾಯಿ ಬಿಡಿಸುವ ಮುಂಚೆ ಬೋಲ್ಟು ಪೂರ್ತಿ ಹೊರಗೆ ಬರಬೇಕು. ಸಡಿಲ ಆದರೆ ಸಾಲದು. ಸ್ಟಡ್ಡಿನ ಸುತ್ತ ಒಂದು ಕಚ್ಚು ಇದೆ, ಬೋಲ್ಟು ಆ ಕಚ್ಚಿನ ಮೂಲಕವೇ ಹಾದು ಹೋಗುತ್ತದೆ. ಅದು ಅಲ್ಲಿರುವ ತನಕ ಆನೆ ಕಟ್ಟಿ ಎಳೆದರೂ ಸ್ಟಡ್ಡು ಕೆಳಗಿಳಿಯದು.

ಬಲಗಡೆಯ ಬೋಲ್ಟಿಗೆ ಹಿಂದಿನ ದಿನ ಸಂಜೆಯೇ ತಂತಿ ಬ್ರಷ್ ಹಾಕಿ ತುಕ್ಕು ಉದುರಿಸಿ, ತಲೆಯ ಕಡೆ, ತುದಿಯ ಕಡೆ, ಸೀಳಿನೊಳಗೆ ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದು ಬಿಟ್ಟಿದ್ದೆ. ಬೆಳಿಗ್ಗೆ ಆರು ಮೂಲೆಯ ಸಾಕೆಟ್ ಹಾಕಿದೆ. ಹನ್ನೆರಡು ಮೂಲೆಯದು ಇಂಥ ಬೋಲ್ಟಿನ ತಲೆ ಉರುಟು ಮಾಡಿಬಿಡುತ್ತದೆ. ಮೊದಲು ಬಿಚ್ಚಲು ಹೋಗದೆ ಚೂರು ಬಿಗಿಯುವ ಕಡೆಗೆ ತಿರುಗಿಸಿದೆ. ‘ಕಿರ್’ ಎಂದಿತು. ಕಾಲು ಸುತ್ತು ಬಿಚ್ಚು, ಸ್ವಲ್ಪ ಬಿಗಿ, ಮತ್ತೆ ಸ್ಪ್ರೇ, ಮತ್ತೆ ಬಿಚ್ಚು. ತಿರುಗಿಸುವಾಗ ಕೈಗೆ ಮೆತ್ತಗೆ, ರಬ್ಬರ್ ಎಳೆದ ಹಾಗೆ ಅನಿಸಿದರೆ ನಿಲ್ಲಿಸಿ. ಅದು ಬಿಚ್ಚಿಕೊಳ್ಳುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಇನ್ನೊಂದು ಎಳೆತಕ್ಕೆ ತುಂಡಾಗುತ್ತದೆ. ನನಗೆ ಅರ್ಧಕ್ಕೆ ಬಂದಾಗ ಹಾಗೇ ಅನಿಸಿತು. ಆಗ ಬೆಂಕಿ ಹಿಡಿದೆ.

ಬೆಂಕಿ ಅಂದರೆ ಕೈಯಲ್ಲಿ ಹಿಡಿಯುವ ಸಣ್ಣ ಬ್ಯೂಟೇನ್ ಟಾರ್ಚ್. ಹೊಡೆದ ಸ್ಪ್ರೇ ಎಲ್ಲಾ ಒರೆಸಿದ ಮೇಲೆಯೇ ಹಚ್ಚಬೇಕು, ಅದು ಧಗ್ ಎಂದು ಹೊತ್ತಿಕೊಳ್ಳುತ್ತದೆ. ಬ್ರೇಕ್ ಹೋಸ್ ಮತ್ತು ಆಕ್ಸಲ್‌ನ ರಬ್ಬರ್ ಬೂಟಿಗೆ ಅಡ್ಡವಾಗಿ ತಗಡು ಇಟ್ಟೆ. ಪಕ್ಕದಲ್ಲಿ ಬಕೆಟ್ ತುಂಬ ಮರಳು. ಬಿಸಿ ಮಾಡಬೇಕಾದದ್ದು ಬೋಲ್ಟನ್ನಲ್ಲ, ಅದರ ಸುತ್ತಲಿನ ಕಿವಿಯನ್ನು. ಹೊರಗಿನದು ಹಿಗ್ಗಬೇಕು. ಕೆಂಪಗೆ ಆಗುವಷ್ಟು ಬೇಡ, ನೀರು ಚಿಮುಕಿಸಿದರೆ ಚುಂಯ್ ಅಂದರೆ ಸಾಕು. ಆಮೇಲೆ ಬೋಲ್ಟು ತಿರುಗಿತು. ಹೊರಗೆ ಬಂದಾಗ ನಡುವೆ ಒಂದು ಕಡೆ ಸವೆದು ಸೊಂಟ ಸಣ್ಣಗಾಗಿತ್ತು. ಅದನ್ನು ಮತ್ತೆ ಹಾಕುವ ಪ್ರಶ್ನೆಯೇ ಇಲ್ಲ, ಹೊಸ ಬೋಲ್ಟು ಮೊದಲೇ ತಂದಿಟ್ಟುಕೊಳ್ಳಿ. ಮತ್ತೊಂದು ಮಾತು, ಈ ಕೆಲಸಕ್ಕೆ ಭಾನುವಾರ ಕೈ ಹಾಕಬೇಡಿ. ಬೋಲ್ಟು ಒಳಗೆ ಮುರಿದರೆ ಡ್ರಿಲ್ ಮಾಡಿಸಲು ಲೇತ್ ಅಂಗಡಿ ತೆರೆದಿರಬೇಕಲ್ಲ.

ಆಮೇಲೆ ಸೀಳಿಗೆ ಚಪ್ಪಟೆ ಬಾಯಿಯ ಚಾಣ ಇಟ್ಟು ಮೆಲ್ಲಗೆ ತಟ್ಟಿದೆ. ಒಂದು ಕೂದಲೆಳೆಯಷ್ಟು ತೆರೆದರೂ ಸಾಕು, ಜಾಸ್ತಿ ತೆರೆದರೆ ಕಿವಿ ಬಿರುಕು ಬಿಡಬಹುದು. ಚಾಣ ಅಲ್ಲೇ ಇರಲಿ. ಬಾರ್‌ನ ತುದಿಯ ಸ್ಪ್ಲಿಟ್ ಪಿನ್ ಕಿತ್ತು ನಟ್ಟು ಸಡಿಲ ಮಾಡಿದ್ದೆ. ಆರ್ಮ್‌ಗೆ ಸರಪಳಿ ಸುತ್ತಿ, ಆ ಕುಣಿಕೆಯೊಳಗೆ ಉದ್ದದ ಜಿಐ ಪೈಪ್ ತೂರಿಸಿ, ಪೈಪಿನ ಒಳತುದಿಯನ್ನು ಕ್ರಾಸ್ ಮೆಂಬರ್ (ಕಾರಿನಡಿಯ ಅಡ್ಡ ತೊಲೆ) ಅಡಿಗೆ ಮರದ ತುಂಡು ಕೊಟ್ಟು ಆನಿಸಿದೆವು. ಹೊರತುದಿಯನ್ನು ಭಾವ ಅದುಮಿದ. ನಾನು ನಕಲ್ಲನ್ನು ಸ್ಟೇರಿಂಗ್ ತಿರುಗಿದ ಹಾಗೆ ಆಚೆ ಈಚೆ ಆಡಿಸಿದೆ. ಸೀಳಿನಿಂದ ಕಾಫಿ ಪುಡಿಯಂಥ ತುಕ್ಕು ಉದುರತೊಡಗಿತು. “ಭಾವ, ಬಿಡಬೇಡ, ಬರ್ತಾ ಇದೆ” ಅನ್ನುವಷ್ಟರಲ್ಲಿ ಸ್ಟಡ್ಡು ಢಣ್ ಎಂದು ಕಳಚಿತು. ಮುಖವನ್ನು ಮಾತ್ರ ಆ ಪೈಪಿನ ದಾರಿಯಲ್ಲಿ ಇಟ್ಟುಕೊಳ್ಳಬೇಡಿ.

ಸ್ಟಡ್ಡು ಕಳಚಿದ ತಕ್ಷಣ ನಕಲ್ಲನ್ನು ಹೊರಗೆ ಎಳೆಯಲು ಬಿಡಬಾರದು, ಆಕ್ಸಲ್‌ನ ಒಳ ಜಾಯಿಂಟ್ ಕಳಚಿಕೊಳ್ಳುತ್ತದೆ. ಒಂದು ಹಗ್ಗದಿಂದ ಸ್ಪ್ರಿಂಗ್‌ಗೆ ಕಟ್ಟಿಟ್ಟೆ.

ಹೊಸದನ್ನು ಕೂರಿಸುವುದು ಬೇಗ ಮುಗಿಯಿತು. ಕಿವಿಯ ಒಳಗೋಡೆಯನ್ನು ಎಮೆರಿ ಹಾಳೆಯಿಂದ ಉಜ್ಜಿ, ತೆಳ್ಳಗೆ ಗ್ರೀಸು ಹಚ್ಚಿದೆ. ಸ್ಟಡ್ಡಿನ ಕಚ್ಚು ತೂತಿಗೆ ಸರಿಯಾಗಿ ಬಂದಾಗ ಬೋಲ್ಟು ಬೆರಳಿನಿಂದಲೇ ತೂರುತ್ತದೆ. ತೂರದಿದ್ದರೆ ಸ್ಟಡ್ಡು ಇನ್ನೂ ಮೇಲೆ ಹೋಗಬೇಕು, ಸುತ್ತಿಗೆಯಿಂದ ಹೊಡೆದು ತೂರಿಸಬಾರದು. ಅದನ್ನು ಟಾರ್ಕ್ ರೆಂಚಿನಲ್ಲಿ ಸರ್ವೀಸ್ ಪುಸ್ತಕದ ಅಳತೆಗೆ ಬಿಗಿದು, ಬಾರ್‌ನ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿದೆ. ಬುಷ್ ಬೋಲ್ಟನ್ನು ಮಾತ್ರ ಆಗಲೇ ಪೂರ್ತಿ ಬಿಗಿಯಲಿಲ್ಲ. ಚಕ್ರ ತೂಗುತ್ತಿರುವಾಗ ಬಿಗಿದರೆ ಕಾರು ಇಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ ಕೊನೆಯ ಬಿಗಿ ಕೊಟ್ಟೆ. ಅಲೈನ್‌ಮೆಂಟ್ ಅಂಗಡಿಗೆ ಮೆಲ್ಲಗೆ ಓಡಿಸಿಕೊಂಡು ಹೋಗಿ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ನೋಡಿಸಿದೆ. ಸ್ವಲ್ಪ ಆಚೀಚೆ ಇತ್ತು, ಸರಿ ಮಾಡಿ ಕೊಟ್ಟರು.