ತೂಕ ಇಳಿಸುವ ಆಪರೇಷನ್ ಆದ ಮೇಲೆ ನಮ್ಮನೆ ಊಟದ ಜೊತೆ ಬದುಕುವುದು ಹೇಗೆ

ತೂಕ ಇಳಿಸುವ ಆಪರೇಷನ್ ಬಗ್ಗೆ ಹುಡುಕಿದರೆ ಆಪರೇಷನ್‌ಗೆ ಮುಂಚಿನ ಮಾತೇ ಜಾಸ್ತಿ ಸಿಗುತ್ತದೆ. ಎಷ್ಟು ಖರ್ಚು, ಎಷ್ಟು ಕೆಜಿ ಇಳಿಯುತ್ತದೆ, ಈ ಆಪರೇಷನ್‌ನ ಎರಡು ಬಗೆಗಳಲ್ಲಿ ಸ್ಲೀವ್ ಒಳ್ಳೆಯದಾ ಬೈಪಾಸ್ ಒಳ್ಳೆಯದಾ. ಆಮೇಲಿನ ಬದುಕಿನ ಬಗ್ಗೆ ಇರುವುದೆಲ್ಲ ಹೊರದೇಶದ ಊಟ ನೋಡಿ ಬರೆದದ್ದು. ನಮ್ಮನೆಯಲ್ಲಿ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮುದ್ದೆ, ನಡುವೆ ಕಾಫಿ. ಅದರ ಜೊತೆಗೇ ಬದುಕಬೇಕು ಅಲ್ವಾ? ನನಗೂ ಸ್ಲೀವ್ ಆಗಿದೆ. ಆಪರೇಷನ್ ಆದವರಿಗೆ ಮಾತ್ರ ಅಲ್ಲ, ಅವರಿಗೆ ಅಡುಗೆ ಮಾಡಿ ಹಾಕುವ ಅಮ್ಮ, ಹೆಂಡತಿ, ಗಂಡ ಎಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಸರ್ಜನ್ ಅಥವಾ ಡಯೆಟಿಷಿಯನ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತನ್ನೇ ಕೇಳಿ. ನಿಮ್ಮ ಕೇಸ್ ಗೊತ್ತಿರುವುದು ಅವರಿಗೆ.

ಒಳಗೆ ಏನಾಗಿದೆ ಅಂತ ಮೊದಲು ತಿಳಿದುಕೊಳ್ಳಿ

ಸ್ಲೀವ್‌ನಲ್ಲಿ ಹೊಟ್ಟೆಯ ಶೇ 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ. ಬೈಪಾಸ್‌ನಲ್ಲಿ ಸುಮಾರು 30 ಎಂಎಲ್ ಹಿಡಿಯುವ ಪುಟ್ಟ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಹಾಗಾಗಿ ಬೈಪಾಸ್ ಆದವರಿಗೆ ಊಟದ ಜಾಗ ಕಮ್ಮಿಯಾಗುವುದರ ಜೊತೆಗೆ ಕಬ್ಬಿಣ, ಕ್ಯಾಲ್ಸಿಯಂ, ಬಿ12 ಹೀರಿಕೊಳ್ಳುವುದೂ ಕಮ್ಮಿಯಾಗುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ಸ್ಲೀವ್‌ನಲ್ಲಿ ತೆಗೆದು ಹಾಕುವ ಭಾಗದಲ್ಲೇ. ಅದಕ್ಕೇ ಮೊದಲ ಕೆಲವು ತಿಂಗಳು ಹಸಿವೇ ಗೊತ್ತಾಗುವುದಿಲ್ಲ. ಈ ಹಸಿವಿಲ್ಲದ ಕಾಲ ಶಾಶ್ವತ ಅಂದುಕೊಳ್ಳಬೇಡಿ. ಹಸಿವು ನಿಧಾನಕ್ಕೆ ವಾಪಸ್ ಬರುತ್ತದೆ. ಅಷ್ಟರೊಳಗೆ ಹೊಸ ಅಭ್ಯಾಸಗಳು ಗಟ್ಟಿಯಾಗಿರಬೇಕು, ಇಡೀ ಮೊದಲ ವರ್ಷದ ಕೆಲಸ ಇದೇ.

ಮೊದಲ ಎರಡು ತಿಂಗಳು

ಸಾಮಾನ್ಯವಾಗಿ ಮೊದಲ ಎರಡು ವಾರ ಬರೀ ದ್ರವ, ಆಮೇಲೆ ಎರಡು ವಾರ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗೆ ಬೆಂದದ್ದು. ಮಾಮೂಲಿ ಊಟಕ್ಕೆ ಬರುವ ಹೊತ್ತಿಗೆ ಆರರಿಂದ ಎಂಟು ವಾರ ಆಗಿರುತ್ತದೆ. ದ್ರವದ ಹಂತಕ್ಕೆ ನಮ್ಮಲ್ಲಿ ಒಳ್ಳೆಯ ಸಾಮಾನು ಇದೆ. ಬೇಳೆ ಕಟ್ಟು, ಸೋಸಿದ ಚಿಕನ್ ಸೂಪ್, ನೀರು ಮಜ್ಜಿಗೆ, ತೆಳ್ಳಗಿನ ರಾಗಿ ಗಂಜಿ. ಒಗ್ಗರಣೆಯ ಸಾಸಿವೆ, ಕರಿಬೇವು, ಮೆಣಸಿನಕಾಯಿ ಚೂರು, ಕಾಯಿತುರಿ ಎಲ್ಲವನ್ನೂ ಸೋಸಿ ತೆಗೆಯಿರಿ. ಖಾರ ಬೇಡ.

ನೀರಿನ ವಿಷಯ ಸುಲಭ ಅನಿಸುತ್ತದೆ, ಆದರೆ ತುಂಬಾ ಜನ ಸೋಲುವುದು ಇಲ್ಲೇ. ದಿನಕ್ಕೆ ಒಂದೂವರೆ ಲೀಟರ್ ಆದರೂ ಹೋಗಬೇಕು, ಒಂದೇ ಸಲ ಅರ್ಧ ಲೋಟವೂ ಇಳಿಯುವುದಿಲ್ಲ. ಚೊಂಬೆತ್ತಿ ಗಟಗಟ ಕುಡಿಯುವ ಅಭ್ಯಾಸ ಬಿಡಿ. ಬಾಟಲಿ ಪಕ್ಕದಲ್ಲೇ ಇಟ್ಟುಕೊಂಡು ಎಚ್ಚರ ಇರುವಷ್ಟು ಹೊತ್ತೂ ಗುಟುಕು ಗುಟುಕಾಗಿ ಕುಡಿಯಿರಿ. ಊಟದ ಜೊತೆ ನೀರು ಬೇಡ, ಊಟ ಆಗಿ ಅರ್ಧ ಗಂಟೆ ತನಕವೂ ಬೇಡ. ಮೂತ್ರ ಕಡು ಹಳದಿ ಬಂದರೆ, ಎದ್ದಾಗ ತಲೆ ಸುತ್ತಿದರೆ ನೀರು ಸಾಲುತ್ತಿಲ್ಲ ಅಂತ ಅರ್ಥ.

ಮುದ್ದೆ

ಇದಕ್ಕೆ ಬೇರೆಯೇ ಜಾಗ ಕೊಡುತ್ತಿದ್ದೇನೆ, ಯಾಕೆಂದರೆ ಹೊರಗಿನ ಯಾವ ಡಯೆಟ್ ಚಾರ್ಟ್‌ನಲ್ಲೂ ಇದು ಸಿಗುವುದಿಲ್ಲ. ಆಪರೇಷನ್ ಆದ ಮೇಲೆ ದೊಡ್ಡ ನಿಯಮ ಪ್ರತಿ ತುತ್ತನ್ನೂ 20-30 ಸಲ ಅಗಿಯುವುದು. ಮುದ್ದೆಯ ನಿಯಮ ಅಗಿಯದೇ ನುಂಗುವುದು! ಹಾಸನ, ಮಂಡ್ಯ, ತುಮಕೂರು, ಕೋಲಾರದ ಕಡೆಯವರಿಗೆ ಇದು ಚಿಕ್ಕಂದಿನಿಂದ ಬಂದ ಅಭ್ಯಾಸ, ಕೈ ತಾನಾಗಿಯೇ ಮುರಿದು ಸಾರಿಗೆ ಅದ್ದಿ ಬಾಯಿಗಿಡುತ್ತದೆ, ಗಂಟಲು ತಾನಾಗಿಯೇ ನುಂಗುತ್ತದೆ. ಸಣ್ಣ ಕೊಳವೆಯಂತಾದ ಹೊಟ್ಟೆಗೆ ಅಂಟು ಅಂಟಾದ ಆ ತುತ್ತು ಹಾಗೇ ಹೋಗಿ ಕೂತರೆ ಎದೆಯ ನಡುವೆ ಕಲ್ಲಿಟ್ಟ ಹಾಗಾಗುತ್ತದೆ, ಬಾಯಲ್ಲಿ ನೊರೆ ನೊರೆ ಜೊಲ್ಲು, ಆಮೇಲೆ ವಾಂತಿ.

ರಾಗಿ ಬಿಡಬೇಕಾಗಿಲ್ಲ. ಅಂಬಲಿ ಮಾಡಿಕೊಳ್ಳಿ, ಮಜ್ಜಿಗೆ ಬೆರೆಸಿ. ಮೆತ್ತಗಿನ ರಾಗಿ ದೋಸೆ ಆಮೇಲಿನ ತಿಂಗಳುಗಳಿಗೆ ಚೆನ್ನಾಗಿದೆ. ಮುದ್ದೆಯೇ ಬೇಕು ಅಂದರೆ ಡಾಕ್ಟರ್ ಒಪ್ಪಿದ ಮೇಲೆ, ನಿಂಬೆಹಣ್ಣಿಗಿಂತ ಚಿಕ್ಕದು, ಮೆತ್ತಗೆ ತಿರುವಿದ್ದು, ಕಡಲೆಕಾಳಿನಷ್ಟು ಮುರಿದು ಅಗಿದು ತಿನ್ನಿ. ಅಗಿದರೆ ರುಚಿ ಬೇರೆ ಅನಿಸುತ್ತದೆ, ಮನೆಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ ಬಿಡಿ.

ಮುದ್ದೆಯಂತೆಯೇ ಅಂಟಿಕೊಳ್ಳುವ ಬೇರೆ ಪದಾರ್ಥಗಳೂ ಇವೆ. ಮೆತ್ತನೆಯ ಬ್ರೆಡ್, ಪಾವ್, ಉಂಡೆ ಕಟ್ಟಿದ ಅನ್ನ, ಒಣ ಚಪಾತಿ, ಒಣಗಿದ ಚಿಕನ್ ತುಂಡು. ನಾಟಿ ಕೋಳಿಗಿಂತ ಮೀನು ಸುಲಭ.

ತಟ್ಟೆಯ ಕ್ರಮ ತಿರುಗಿಸಿ

ನಮ್ಮ ಊಟದಲ್ಲಿ ಅನ್ನ ನಡುವೆ, ಉಳಿದದ್ದೆಲ್ಲ ಅದಕ್ಕೆ ನೆಂಚಿಕೊಳ್ಳಲು. ಇನ್ನು ಮೇಲೆ ಮೊದಲು ಪ್ರೋಟೀನ್, ಆಮೇಲೆ ಪಲ್ಯ, ಜಾಗ ಉಳಿದರೆ ಎರಡು ತುತ್ತು ಅನ್ನ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಅಂತ ಡಯೆಟಿಷಿಯನ್‌ಗಳು ಹೇಳುತ್ತಾರೆ. ಮೊಟ್ಟೆ ಮೀನು ತಿನ್ನುವವರಿಗೆ ಇದು ಅಷ್ಟು ಕಷ್ಟ ಅಲ್ಲ, ಒಂದು ಮೊಟ್ಟೆಯಲ್ಲೇ 6 ಗ್ರಾಂ ಇದೆ. ಸಸ್ಯಾಹಾರಿಗಳು ಮಾತ್ರ ಕೂತು ಲೆಕ್ಕ ಹಾಕಲೇಬೇಕು. 200 ಎಂಎಲ್ ಹಾಲಿನಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಪನೀರ್‌ನಲ್ಲಿ ಸುಮಾರು 18, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ 6-7. ಎರಡು ಲೋಟ ಹಾಲು, 100 ಗ್ರಾಂ ಪನೀರ್, ಎರಡು ಬಟ್ಟಲು ಬೇಳೆ, ಒಂದು ಬಟ್ಟಲು ಮೊಸರು ಎಲ್ಲ ಸೇರಿಸಿದರೂ 50ರ ಹತ್ತಿರ ಬರುತ್ತದೆ, ಮತ್ತು ಮೊದಲ ತಿಂಗಳುಗಳಲ್ಲಿ ಅಷ್ಟು ತಿನ್ನಲು ಆಗುವುದೇ ಇಲ್ಲ. ಹಾಗಾಗಿ ಪ್ರೋಟೀನ್ ಪೌಡರ್ ಬೇಕಾಗುತ್ತದೆ. ಸಿಹಿ ವೆನಿಲ್ಲಾ, ಚಾಕೊಲೇಟ್ ಬೇಗ ಬೇಜಾರಾಗುತ್ತದೆ. ಫ್ಲೇವರ್ ಇಲ್ಲದ್ದು ತಂದು ಮಜ್ಜಿಗೆಗೋ, ಸ್ವಲ್ಪ ಆರಿದ ಗಂಜಿಗೋ ಕಲಸಿ.

ಒಂದು ಮಾತು ಅಡುಗೆ ಮಾಡುವವರಿಗೆ. ಸಾರಿನ ತಿಳಿಯಲ್ಲಿ ಪ್ರೋಟೀನ್ ತೀರಾ ಕಮ್ಮಿ, ಇರುವುದು ತಳದಲ್ಲಿ ಕೂತ ಬೇಳೆ ಕಾಳಿನಲ್ಲಿ. ಬಸ್ಸಾರು ಮಾಡಿದ ದಿನ ಬಸಿದ ಕಾಳಿನ ಪಲ್ಯವನ್ನು ಇವರಿಗೆ ಮೊದಲು ಬಡಿಸಿ, ನುಣ್ಣಗೆ ಹಿಸುಕಿ ಕೊಟ್ಟರೂ ಸರಿ.

ಸಾಕು ಅನ್ನುವ ಸೂಚನೆಯೂ ಈಗ ಬದಲಾಗಿರುತ್ತದೆ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಸೀನು, ಕೆಲವರಿಗೆ ಮೂಗು ಸೋರುವುದು. ನಿಮ್ಮದು ಯಾವುದು ಅಂತ ಗಮನಿಸಿ, ಅದು ಬಂದ ಕ್ಷಣ ಕೈ ತೊಳೆಯಿರಿ. ತಟ್ಟೆಯಲ್ಲಿ ಬಿಡಬಾರದು, ಅನ್ನ ದೇವರು ಅಂತ ಬೆಳೆದವರು ನಾವು. ಆ ಒಂದು ತುತ್ತಿಗಾಗಿ ವಾಂತಿ ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಬಿಡಲು ಮನಸ್ಸಾಗದಿದ್ದರೆ ಕಮ್ಮಿ ಬಡಿಸಿಕೊಳ್ಳಿ, ಬೇಕಾದರೆ ಇನ್ನೊಮ್ಮೆ ಹಾಕಿಸಿಕೊಳ್ಳಿ. ಹೋಟೆಲ್‌ನಲ್ಲಿ ನಮ್ಮ ಬೈ ಟು ಪದ್ಧತಿ ಈಗ ನಿಜಕ್ಕೂ ಉಪಕಾರಕ್ಕೆ ಬರುತ್ತದೆ, ಒಂದು ಇಡ್ಲಿಯನ್ನೂ ಹಂಚಿಕೊಂಡು ತಿನ್ನಬಹುದು.

ಮದುವೆ ಮನೆ, ಹಬ್ಬ, ನೆಂಟರು

ಪಂಕ್ತಿಯಲ್ಲಿ ಕೂತರೆ ಎಲ್ಲರೂ 20 ನಿಮಿಷದಲ್ಲಿ ಏಳುತ್ತಾರೆ, ನಿಮಗೆ ಅರ್ಧ ಗಂಟೆ ಬೇಕು. ಬಫೆ ಇದ್ದರೆ ಅಲ್ಲಿಗೆ ಹೋಗಿ. ಇಲ್ಲದಿದ್ದರೆ ಮನೆಯಲ್ಲೇ ಪ್ರೋಟೀನ್ ಮುಗಿಸಿಕೊಂಡು ಹೋಗಿ, ಎಲೆಯ ಮೇಲೆ ಕೋಸಂಬರಿ, ಪಲ್ಯ ಇಷ್ಟಿಷ್ಟೇ ಹಾಕಿಸಿಕೊಳ್ಳಿ. ಪಾಯಸ, ಹೋಳಿಗೆ, ಜಿಲೇಬಿ ವಿಷಯದಲ್ಲಿ ಹುಷಾರು. ಸಕ್ಕರೆ ಜಾಸ್ತಿ ಇರುವುದು ಒಮ್ಮೆಲೇ ಕರುಳಿಗೆ ಇಳಿದರೆ 10ರಿಂದ 30 ನಿಮಿಷದಲ್ಲಿ ಬೆವರು, ಎದೆ ಡವಡವ, ಹೊಟ್ಟೆ ನುಲಿತ, ಭೇದಿ ಶುರುವಾಗುತ್ತದೆ. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಬೈಪಾಸ್‌ನವರಿಗೆ ಜಾಸ್ತಿ, ಸ್ಲೀವ್‌ನವರಿಗೂ ಆಗುತ್ತದೆ. ಕೆಲವರಿಗೆ ಒಂದರಿಂದ ಮೂರು ಗಂಟೆ ಆದ ಮೇಲೆ ಶುಗರ್ ಕುಸಿದು ಕೈ ನಡುಗುತ್ತದೆ. ಊಟದ ಮನೆಯಿಂದ ವಾಪಸ್ ಗಾಡಿ ಓಡಿಸುವಾಗ ಹೀಗಾದರೆ ಅಪಾಯ.

ಉಪವಾಸ ಇರುವವರು, ಏಕಾದಶಿ ಇರಲಿ, ಶಿವರಾತ್ರಿ ಇರಲಿ, ರಂಜಾನ್ ಇರಲಿ, ಮೊದಲ ವರ್ಷ ನೀರೂ ಬಿಡುವ ಉಪವಾಸ ಮಾಡಬೇಡಿ. ಆಮೇಲೂ ಡಾಕ್ಟರ್‌ನ ಕೇಳಿಯೇ ಮಾಡಿ.

ಇನ್ನು ಮಾತು. "ಮುಖ ಬಾಡಿ ಹೋಗಿದೆ, ಶುಗರ್ ಬಂತಾ?" ಅಂತ ಒಬ್ಬರು, "ವಾಕಿಂಗ್ ಮಾಡಿದ್ದರೆ ಆಗ್ತಿತ್ತು, ಆಪರೇಷನ್ ಯಾಕೆ ಬೇಕಿತ್ತು" ಅಂತ ಇನ್ನೊಬ್ಬರು. ಹೇಳಬೇಕಾ ಬೇಡವಾ ಅನ್ನುವುದು ನಿಮ್ಮ ಇಷ್ಟ. "ಹೊಟ್ಟೆ ಆಪರೇಷನ್ ಆಗಿದೆ, ಡಾಕ್ಟರ್ ಸ್ವಲ್ಪವೇ ತಿನ್ನಲು ಹೇಳಿದ್ದಾರೆ" ಅಂದರೆ ಸಾಕು, ಅದು ಸುಳ್ಳೂ ಅಲ್ಲ. ಆದರೆ ಜೊತೆಗೆ ಊಟ ಮಾಡುವ ಒಬ್ಬರಿಗಾದರೂ ಪೂರ್ತಿ ವಿಷಯ ಗೊತ್ತಿರಲಿ, ಬಲವಂತ ಮಾಡುವವರನ್ನು ಅವರೇ ತಡೆಯುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಆಪರೇಷನ್ ಮಾಡಿಸಿಕೊಂಡದ್ದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮಾತ್ರೆಗಳು: ಇದರಲ್ಲಿ ಉಡಾಫೆ ಬೇಡ

ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಇವು ಜೀವನಪೂರ್ತಿ. ತೂಕ ಇಳಿದು ಆರಾಮಾಗಿದ್ದೇನೆ ಅಂತ ಎರಡನೇ ವರ್ಷ ನಿಲ್ಲಿಸುವವರು ತುಂಬಾ ಇದ್ದಾರೆ. ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ, ಕಾಲು ಜೋಮು ಹಿಡಿದಾಗ, ಮೆಟ್ಟಿಲು ಹತ್ತಿ ಉಸಿರು ಕಟ್ಟಿದಾಗ ಗೊತ್ತಾಗುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆಯ ಹತ್ತಿರ ಕಾಫಿ, ಟೀ ಬೇಡ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ ನಿಜ, ಆದರೆ ನೀವು ತಿನ್ನುವ ಅಳತೆಗೆ ಅದು ಮಾತ್ರೆಯ ಬದಲಿ ಆಗುವುದಿಲ್ಲ.

ಇದನ್ನು ದಯವಿಟ್ಟು ಮನೆಯವರಿಗೂ ಓದಿ ಹೇಳಿ. ವಾಂತಿ ನಿಲ್ಲದೆ ದಿನಗಟ್ಟಲೆ ಮುಂದುವರಿದರೆ ದೇಹದಲ್ಲಿರುವ ಬಿ1, ಅಂದರೆ ಥಯಾಮಿನ್, ಎರಡು ಮೂರು ವಾರದಲ್ಲೇ ಖಾಲಿಯಾಗಬಹುದು. ಆಗ ನಡಿಗೆ ತಡವರಿಸುವುದು, ಕಣ್ಣು ಎರಡೆರಡು ಕಾಣುವುದು, ಗೊಂದಲದ ಮಾತು ಶುರುವಾಗುತ್ತದೆ, ತಡ ಮಾಡಿದರೆ ಮಿದುಳಿಗೆ ಶಾಶ್ವತ ಹಾನಿ. ನಮ್ಮ ಊರುಗಳಲ್ಲಿ ಸುಸ್ತು, ವಾಂತಿ ಅಂದ ಕೂಡಲೇ "ಒಂದು ಗ್ಲೂಕೋಸ್ ಹಾಕಿಸಿಕೊಂಡು ಬಾ" ಅನ್ನುತ್ತಾರೆ. ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಈ ತೊಂದರೆ ಇನ್ನೂ ಜಾಸ್ತಿ ಆಗಬಹುದು. ಯಾವ ಕ್ಲಿನಿಕ್‌ಗೆ ಹೋದರೂ ಡ್ರಿಪ್ ಹಾಕುವ ಮುಂಚೆಯೇ "ಬ್ಯಾರಿಯಾಟ್ರಿಕ್ ಸರ್ಜರಿ (ತೂಕ ಇಳಿಸುವ ಆಪರೇಷನ್) ಆಗಿದೆ, ಥಯಾಮಿನ್ ಮೊದಲು ಬೇಕಾ ನೋಡಿ" ಅಂತ ಹೇಳಿ. ನಿಮ್ಮ ಸರ್ಜನ್‌ಗೂ ಆಗಲೇ ಫೋನ್ ಮಾಡಿ.

ಮೈಕೈ ನೋವಿಗೆ ಮೆಡಿಕಲ್ ಶಾಪ್‌ನಲ್ಲಿ ಸುಮ್ನೆ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಬೈಪಾಸ್ ಆದವರಿಗಂತೂ ಬೇಡವೇ ಬೇಡ, ಹುಣ್ಣಾಗುತ್ತದೆ. ಸಿಗರೇಟಿಂದಲೂ ಅದೇ. ಶುಗರ್, ಬಿಪಿ ಮಾತ್ರೆ ಇದ್ದವರು ಮನೆಯಲ್ಲಿ ಅಳೆದು ಬರೆದಿಡಿ, ಡೋಸ್ ಬೇಗ ಇಳಿಸಬೇಕಾಗಿ ಬರುತ್ತದೆ, ಆದರೆ ಇಳಿಸುವವರು ಡಾಕ್ಟರ್.

ಕೂದಲು, ಚರ್ಮ, ಉಂಗುರ

ಮೂರನೇ ತಿಂಗಳಿಂದ ಆರನೇ ತಿಂಗಳ ನಡುವೆ ಕೂದಲು ಉದುರುತ್ತದೆ. ಬಾಚಣಿಗೆ ತುಂಬ ಬಂದಾಗ ಹೆದರಿಕೆಯಾಗುವುದು ಸಹಜ. ಬೇಗ ತೂಕ ಇಳಿದ ದೇಹ ಹೀಗೆ ಮಾಡುತ್ತದೆ. ಪ್ರೋಟೀನ್, ಕಬ್ಬಿಣ ಸರಿಯಾಗಿದ್ದರೆ ಸಾಮಾನ್ಯವಾಗಿ ವಾಪಸ್ ಬರುತ್ತದೆ. ದುಬಾರಿ ಎಣ್ಣೆಗೆ ದುಡ್ಡು ಸುರಿಯಬೇಡಿ. ಹೊಟ್ಟೆ, ತೋಳಿನ ಚರ್ಮ ಜೋಲುತ್ತದೆ, ಮಡಿಕೆಗಳನ್ನು ಒಣಗಿಸಿಟ್ಟುಕೊಳ್ಳಿ. ಉಂಗುರ, ಬಳೆ ಗೊತ್ತಿಲ್ಲದೆ ಜಾರಿಹೋಗುತ್ತವೆ, ಮುಂಚೆಯೇ ತೆಗೆದಿಡಿ.

ಹೆಣ್ಣುಮಕ್ಕಳಿಗೆ ಒಂದು ಮುಖ್ಯ ವಿಷಯ. ತೂಕ ಇಳಿದಂತೆ ಮುಟ್ಟು ಸರಿಹೋಗಿ, ಪಿಸಿಓಡಿ ಇದ್ದವರೂ ಬೇಗ ಗರ್ಭಿಣಿ ಆಗಬಹುದು. ಆದರೆ 12ರಿಂದ 18 ತಿಂಗಳು ಕಾಯಬೇಕು, ಮಗುವಿಗೆ ಸಿಗಬೇಕಾದ ಪೋಷಣೆ ಅಲ್ಲಿಯ ತನಕ ನಿಮ್ಮಲ್ಲೇ ಇರುವುದಿಲ್ಲ. ಮನೆಯವರ ಒತ್ತಡ ಇದ್ದರೆ ಅವರನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಕೇಳಿಸಿ.

ಎರಡನೇ ವರ್ಷದ ನಂತರ

ತೂಕ ವಾಪಸ್ ಬರುವುದು ಹೆಚ್ಚಾಗಿ ಊಟದಿಂದ ಅಲ್ಲ, ಸಂಜೆ ಐದು ಗಂಟೆಯ ಕಾಫಿ ಜೊತೆಯ ಡಬ್ಬಿಯಿಂದ. ಚಕ್ಕುಲಿ, ಕೋಡುಬಳೆ, ಮಿಕ್ಸ್ಚರ್, ಬಿಸ್ಕತ್ತು ಬಾಯಲ್ಲೇ ಪುಡಿಯಾಗಿ ಸಲೀಸಾಗಿ ಇಳಿದುಹೋಗುತ್ತವೆ, ಹೊಟ್ಟೆ ತುಂಬಿದ್ದು ಗೊತ್ತೇ ಆಗುವುದಿಲ್ಲ. ಚಿಕನ್ ಎರಡು ತುಂಡಿಗೆ ಸಾಕು ಅನ್ನುವ ಹೊಟ್ಟೆ ಅರ್ಧ ಡಬ್ಬಿ ನಿಪ್ಪಟ್ಟಿಗೆ ಜಾಗ ಕೊಡುತ್ತದೆ. ಬೇಜಾರಾದಾಗ ತಿನ್ನುತ್ತಿದ್ದವರಿಗೆ ಆ ಬೇಜಾರು ಆಪರೇಷನ್‌ನಲ್ಲಿ ಹೋಗಿರುವುದಿಲ್ಲ. ಆಗ ಕೌನ್ಸೆಲರ್ ಹತ್ತಿರ ಮಾತಾಡಿ. ಕುಡಿತದ ವಿಷಯದಲ್ಲೂ ಎಚ್ಚರ ಬೇಕು, ಬೇಗ ಏರುತ್ತದೆ, ಚಟವೂ ಬೇಗ ಹತ್ತಬಹುದು.

ಐದಾರು ಕೆಜಿ ವಾಪಸ್ ಬಂದಾಗ ಡಾಕ್ಟರ್ ಬೈಯುತ್ತಾರೆ ಅಂತ ಫಾಲೋಅಪ್‌ಗೆ ಹೋಗುವುದನ್ನೇ ಬಿಟ್ಟುಬಿಡುತ್ತಾರೆ. ಆಗಲೇ ಹೋಗಬೇಕಾದದ್ದು. ಐದಾರು ಕೆಜಿಗೆ ಮಾಡಬಹುದಾದ್ದು 20 ಕೆಜಿ ಆದ ಮೇಲೆ ಕಷ್ಟ. ಮೊದಲ ವರ್ಷ ಮೂರು, ಆರು, ಹನ್ನೆರಡನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ಹೋಗಿ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಅಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಇಷ್ಟನ್ನಾದರೂ ಪರೀಕ್ಷೆ ಮಾಡಿಸಿ, ರಿಪೋರ್ಟ್‌ಗಳನ್ನು ಒಂದೇ ಫೈಲ್‌ನಲ್ಲಿಡಿ. ಯಾವ ಆಪರೇಷನ್, ಯಾವ ದಿನ ಆಯಿತು ಅನ್ನುವ ಡಿಸ್ಚಾರ್ಜ್ ಸಮರಿಯ ಫೋಟೋ ನಿಮ್ಮ ಫೋನ್‌ನಲ್ಲೂ ಇರಲಿ, ಮನೆಯವರ ಫೋನ್‌ನಲ್ಲೂ ಇರಲಿ.