ಅಮೆರಿಕದ ಹಿರಿಯ ಕಪ್ಪು ಮತ್ತು ಬಿಳಿಯ ಮಹಿಳೆಯರ ಆರೋಗ್ಯವನ್ನು ಹೋಲಿಸುವ ಬಗೆ

ಅಮೆರಿಕದ ಆಫ್ರಿಕನ್-ಅಮೆರಿಕನ್ ಹಾಗೂ ಬಿಳಿಯ ಹಿರಿಯ ಮಹಿಳೆಯರ ಆರೋಗ್ಯವನ್ನು ಹೋಲಿಸಲು ಹೊರಟವರು ಮೊದಲು ವಯಸ್ಸನ್ನು ಸರಿದೂಗಿಸಿಕೊಳ್ಳಬೇಕು. 65ರ ಗುಂಪನ್ನು 80ರ ಗುಂಪಿನೊಂದಿಗೆ ಇಟ್ಟು ನೋಡಿದರೆ ಕಾಣುವುದು ವಯಸ್ಸಿನ ವ್ಯತ್ಯಾಸವೇ ಹೊರತು ಜನಾಂಗದ್ದಲ್ಲ. ಆದಾಯ, ಶಿಕ್ಷಣ, ವಿಮೆಗಳನ್ನೂ ದಾಖಲಿಸಿಕೊಳ್ಳಿ.

ಅಧಿಕ ರಕ್ತದೊತ್ತಡ ಕಪ್ಪು ಮಹಿಳೆಯರಲ್ಲಿ ಹೆಚ್ಚು ವ್ಯಾಪಕವಾಗಿರುವುದರಿಂದ ಅದರ ಅಳತೆಯಲ್ಲಿ ವಿಶೇಷ ಎಚ್ಚರ ಬೇಕು. ಐದು ನಿಮಿಷ ಸುಮ್ಮನೆ ಕೂರಿಸಿ, ಪಾದಗಳು ನೆಲಕ್ಕೆ ತಾಗಿರುವಂತೆ, ತೋಳು ಹೃದಯದ ಮಟ್ಟದಲ್ಲಿ ಆನಿಕೊಂಡಿರುವಂತೆ ನೋಡಿಕೊಂಡು ಎರಡು ಬಾರಿ ಅಳೆಯಿರಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಇಂಥ ಸಣ್ಣ ಅಜಾಗರೂಕತೆಯೇ ಇಡೀ ಹೋಲಿಕೆಯನ್ನು ಕೆಡಿಸಬಲ್ಲದು.

ಒಂದೇ ರೋಗವನ್ನು ನೋಡಿ ತೀರ್ಪು ಕೊಡಬೇಡಿ. ಸೊಂಟದ ಮೂಳೆ ಮುರಿತ ಬಿಳಿಯ ಮಹಿಳೆಯರಲ್ಲೇ ಹೆಚ್ಚು. ಸ್ತನ ಕ್ಯಾನ್ಸರ್ ಕಪ್ಪು ಮಹಿಳೆಯರಲ್ಲಿ ತುಸು ಕಡಿಮೆ ಕಂಡುಬಂದರೂ ಅದರಿಂದ ಸಾಯುವವರ ಪ್ರಮಾಣ ಅವರಲ್ಲೇ ಹೆಚ್ಚು. ಆದ್ದರಿಂದ ರೋಗದ ಪ್ರಮಾಣ, ಮರಣದ ಪ್ರಮಾಣ ಎರಡನ್ನೂ ಬೇರೆ ಬೇರೆಯಾಗಿ ಬರೆದಿಡಿ.

ಜೀವನಶೈಲಿಯ ಬಗ್ಗೆ ಕೇಳುವಾಗ "ವ್ಯಾಯಾಮ ಮಾಡುತ್ತೀರಾ?" ಎಂದಷ್ಟೇ ಕೇಳಿದರೆ ಮೊಮ್ಮಕ್ಕಳನ್ನು ಎತ್ತಿ ಆಡಿಸುವ, ಮನೆಗೆಲಸದಲ್ಲಿ ದಿನವಿಡೀ ಓಡಾಡುವ ಶ್ರಮ ಲೆಕ್ಕಕ್ಕೇ ಬರುವುದಿಲ್ಲ. ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡಿದಿರಿ ಎಂದು ಕೇಳುವುದು ಮೇಲು.

ಕೊನೆಗೆ, ಹುಟ್ಟಿದ ವರ್ಷವನ್ನು ಮರೆಯದಿರಿ. 1945ರಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಹುಟ್ಟಿದ ಕಪ್ಪು ಮಹಿಳೆ, 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ಮುನ್ನ, ಬಣ್ಣದ ಆಧಾರದಲ್ಲಿ ವಿಂಗಡಿಸಿದ ಶಾಲೆ, ಆಸ್ಪತ್ರೆಗಳ ನಡುವೆ ಬೆಳೆದವರು; ಆ ಬಾಲ್ಯವನ್ನು ಬಿಟ್ಟು ಇಂದಿನ ಅಭ್ಯಾಸಗಳನ್ನಷ್ಟೇ ಹೊಣೆ ಮಾಡುವುದು ಅನ್ಯಾಯ.