ಗ್ರೀಸ್‌ಗೆ ನಾಟಕ ನೋಡಲು ಹೊರಡುವ ಮುಂಚೆ

ಮಂಡ್ಯ ಕಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ನೋಡಿದವರಿಗೆ ಗೊತ್ತು, ಅಲ್ಲಿ ಮುಂದೇನಾಗುತ್ತೆ ಅಂತ ಯಾರೂ ಕಾಯುವುದಿಲ್ಲ. ದುರ್ಯೋಧನ ಸಾಯುತ್ತಾನೆ ಅನ್ನೋದು ಮಕ್ಕಳಿಗೂ ಗೊತ್ತು. ಆದರೂ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದ ಕೂಡಲೇ ಚಾಪೆ ಮೇಲೆ ಮಲಗಿದ್ದವರೂ ಎದ್ದು ಕೂರುತ್ತಾರೆ, ಈ ಸಲದ ದುರ್ಯೋಧನ ಆ ಪದ್ಯವನ್ನು ಹೇಗೆ ಹಾಡುತ್ತಾನೆ ಅಂತ ನೋಡಲು. ಗ್ರೀಸ್‌ನ ಬೇಸಿಗೆ ನಾಟಕೋತ್ಸವಕ್ಕೂ ಹೀಗೇ ಹೋಗಬೇಕು. ಹಳೇ ಅಥೆನ್ಸ್‌ನ ಜನ ಕೂಡ ತಮಗೆ ಗೊತ್ತಿದ್ದ ಕಥೆಗಳನ್ನೇ ನೋಡಲು ಬರುತ್ತಿದ್ದರು.

ಹಾಗಾಗಿ ಟಿಕೆಟ್‌ಗಿಂತ ಮೊದಲು ಪುಸ್ತಕ. ಅಥೆನ್ಸ್ ಎಪಿದಾವ್ರೊಸ್ ಉತ್ಸವ 1955ರಿಂದ ನಡೆಯುತ್ತಿದೆ. ಅದರ ಜಾಲತಾಣದಲ್ಲಿ ಆ ವರ್ಷದ ಪಟ್ಟಿ ಬಂದ ತಕ್ಷಣ ನಾಟಕ ಆರಿಸಿಕೊಳ್ಳಿ. ಹಳೇ ಅಥೆನ್ಸ್‌ನ ನಾಟಕಕಾರ ಸೋಫೋಕ್ಲಿಸ್ ಬರೆದದ್ದರಲ್ಲಿ ಪೂರ್ತಿ ಉಳಿದಿರುವುದು ಏಳೇ ನಾಟಕ, ಅವು ಮತ್ತೆ ಮತ್ತೆ ಬರುತ್ತವೆ. ನಿಮ್ಮ ಪಾಲಿಗೆ ಈಡಿಪಸ್ ಅಥವಾ ಅಂತಿಗೊನೆ ಬಂದರೆ ಲಂಕೇಶರ ಅನುವಾದ ಓದಿ, ಅದು ನಾವು ಮಾತಾಡುವ ಕನ್ನಡದಲ್ಲೇ ಇದೆ. ಏಜಾಕ್ಸ್ ಬಂದರೆ ಬಿ.ಎಂ.ಶ್ರೀ ಅವರ 'ಅಶ್ವತ್ಥಾಮನ್' ಇದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಮೇಷ್ಟ್ರು, ಹೆಸರಿನ 'ಬಿ' ಅಂದರೆ ನಮ್ಮ ನಾಗಮಂಗಲದ ಹತ್ತಿರದ ಬೆಳ್ಳೂರು. ಮತಿಗೆಟ್ಟು ದನಗಳನ್ನು ಶತ್ರುಗಳೆಂದು ಕಡಿದು, ತಿಳಿವು ಬಂದ ಮೇಲೆ ನಾಚಿಕೆಯಿಂದ ಸಾಯುವ ಆ ಗ್ರೀಕ್ ವೀರನ ಕಥೆಯನ್ನು ಅವರು 1929ರಲ್ಲೇ ಅಶ್ವತ್ಥಾಮನ ಕಥೆಯಾಗಿ ಕೂರಿಸಿದರು. ಹಳೇ ಧಾಟಿಯ ಕನ್ನಡ, ಸುಮ್ನೆ ಕಣ್ಣಾಡಿಸಿದರೆ ಹಿಡಿಯುವುದಿಲ್ಲ, ಗಟ್ಟಿಯಾಗಿ ಓದಬೇಕು. ನಾನು ಕುಕ್ಕರಹಳ್ಳಿ ಕೆರೆಯ ಬೆಂಚಿನ ಮೇಲೆ ಕೂತು ಎರಡು ಸಂಜೆ ಓದಿದ್ದೆ, ಅದೇ ನನ್ನ ದೊಡ್ಡ ತಯಾರಿ.

ಇನ್ನು ವೀಸಾ. ಗ್ರೀಸ್‌ಗೆ ಬೇಕಾದದ್ದು ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ. ಅದಕ್ಕೆ ಹೊರಡುವ ದಿನಕ್ಕಿಂತ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕೊನೇ ಗಡುವು 15 ದಿನ. ಬೇಸಿಗೆಯಲ್ಲಿ ನೂಕುನುಗ್ಗಲು ಜಾಸ್ತಿ, ಆ ಗಡುವನ್ನು ನಂಬಿ ಕೂರಬೇಡಿ. 30,000 ಯೂರೋ ಮೊತ್ತದ ಪ್ರಯಾಣ ವಿಮೆಯೂ ಬೇಕು.

ದೊಡ್ಡ ನಾಟಕಗಳು ಜುಲೈ, ಆಗಸ್ಟ್ ತಿಂಗಳ ಶುಕ್ರವಾರ, ಶನಿವಾರದ ರಾತ್ರಿಗಳಲ್ಲಿ ಇರುತ್ತವೆ. ಪ್ರವಾಸದ ದಿನಗಳನ್ನು ಆ ವಾರಾಂತ್ಯದ ಸುತ್ತಲೇ ಜೋಡಿಸಿಕೊಳ್ಳಿ. ಈ ನಾಟಕಗಳು ನಡೆಯುವುದು ಎಪಿದಾವ್ರೊಸ್‌ನ ಹಳೇ ಬಯಲು ರಂಗಮಂದಿರದಲ್ಲಿ. ಅಥೆನ್ಸ್‌ನಿಂದ ಅಲ್ಲಿಗೆ ರಸ್ತೆಯಲ್ಲಿ ಸುಮಾರು ಎರಡು ಗಂಟೆ, ನಾಟಕದ ದಿನ ಕಿಫಿಸೋಸ್ ಬಸ್ ನಿಲ್ದಾಣದಿಂದ ವಿಶೇಷ ಬಸ್ ಬಿಡುತ್ತಾರೆ. ಆ ಬಸ್ಸೇ ಹಿಡಿಯಿರಿ. ಯಾಕೆಂದರೆ ಎಪಿದಾವ್ರೊಸ್ ಅನ್ನುವ ಹೆಸರಿನ ಊರು ಒಂದಲ್ಲ, ಹಳೆಯದು, ಹೊಸದು ಅಂತ ಬೇರೆ ಬೇರೆ ಇವೆ, ರಂಗಮಂದಿರ ಇರುವುದು ಅವೆರಡರಲ್ಲೂ ಅಲ್ಲ, ಲಿಗೂರಿಯೊ ಅನ್ನುವ ಊರಿನ ಪಕ್ಕ. ನಾನು ಬೋರ್ಡು ನೋಡಿ ಮಾಮೂಲಿ ಬಸ್ ಹತ್ತಿ ಸಮುದ್ರದ ದಡದಲ್ಲಿ ಇಳಿದೆ, ಅಲ್ಲಿಂದ ಟ್ಯಾಕ್ಸಿಗೆ ಕೊಟ್ಟ ದುಡ್ಡಿನಲ್ಲಿ ಇನ್ನೊಂದು ನಾಟಕ ನೋಡಬಹುದಿತ್ತು.

ಸಂಜೆ ಐದರ ಒಳಗೆ ತಲುಪಿದರೆ ಒಳ್ಳೆಯದು. ರಂಗಮಂದಿರ ಇರುವ ಜಾಗ ವೈದ್ಯ ದೇವರು ಆಸ್ಕ್ಲೇಪಿಯಸ್‌ನ ಕ್ಷೇತ್ರ, ರೋಗಿಗಳು ಬಂದು ಅಲ್ಲೇ ಮಲಗಿ, ಕನಸಿನಲ್ಲಿ ದೇವರು ಮದ್ದು ಹೇಳುತ್ತಾನೆ ಅಂತ ಕಾಯುತ್ತಿದ್ದರು. ರಂಗಮಂದಿರ ಕ್ರಿಸ್ತಪೂರ್ವ 4ನೇ ಶತಮಾನದ್ದು, 55 ಸಾಲು ಕಲ್ಲಿನ ಮೆಟ್ಟಿಲು. ಟಿಕೆಟ್ ಕೊಳ್ಳುವಾಗ ಮೇಲಿನ ಸಾಲು ಅಂತ ಹೆದರಬೇಡಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ ಕಾಲಿಗೆ ಅದು ಏನೂ ಅಲ್ಲ, ಬೆಲೆಯೂ ಕಡಿಮೆ, ಹಾಡಿ ಕುಣಿಯುವ ಮೇಳ, ಅಂದರೆ ಕೋರಸ್, ನಿಲ್ಲುವ ಆ ದುಂಡು ಅಂಗಳ ಪೂರ್ತಿ ಕಾಣುವುದು ಅಲ್ಲಿಂದಲೇ. ಮಂಡಿ ನೋವಿರುವ ಅಪ್ಪ ಅಮ್ಮ ಜೊತೆಗಿದ್ದರೆ ಮಾತ್ರ ಕೆಳಗಿನ ಸಾಲು ತಗೊಳ್ಳಿ. ಕಲ್ಲು ಬಿಸಿಲಿಗೆ ಕಾದಿರುತ್ತದೆ, ಒರಗಲು ಏನೂ ಇಲ್ಲ, ಒಂದು ದಪ್ಪ ಟವೆಲ್ ಮಡಚಿ ಇಟ್ಟುಕೊಳ್ಳಿ. ಹಿಮ್ಮಡಿ ಎತ್ತರದ ಚಪ್ಪಲಿ ಬೇಡವೇ ಬೇಡ, ಕಲ್ಲು ಹಾಳಾಗುತ್ತದೆ ಅಂತ ಬಿಡುವುದಿಲ್ಲ.

ಒಂಬತ್ತಕ್ಕೆ ಶುರು, ಒಂಬತ್ತಾದ ಮೇಲೆ ಬಂದರೆ ಒಳಗೆ ಹೋಗುವುದು ಕಷ್ಟ. ಬೆಳಕು ಇಳಿಯುತ್ತದೆ. ಸುತ್ತಲಿನ ಪೈನ್ ಮರಗಳಲ್ಲಿ ಜೀರುಂಡೆ ಸದ್ದು. ಸಾವಿರಾರು ಜನರ ಗುಜುಗುಜು ಒಮ್ಮೆಲೇ ನಿಂತು, ಕೆಳಗೆ ಅಷ್ಟು ದೂರದಲ್ಲಿ ಒಬ್ಬಳು ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ಆ ಮೆಟ್ಟಿಲುಗಳ ಸಾಲೇ ಗುಜುಗುಜಿನಂಥ ದಪ್ಪ ಸದ್ದನ್ನು ತಗ್ಗಿಸಿ ಮಾತಿನ ದನಿಯನ್ನು ಮೇಲಕ್ಕೆ ಕಳಿಸುತ್ತದೆ ಅಂತ 2007ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ವಿಜ್ಞಾನಿಗಳು ವಿವರಿಸಿದ್ದಾರೆ. ನಾಟಕ ಸಾಮಾನ್ಯವಾಗಿ ಈಗಿನ ಗ್ರೀಕ್‌ನಲ್ಲಿ ಇರುತ್ತದೆ, ಪಕ್ಕದ ಪರದೆ ಮೇಲೆ ಇಂಗ್ಲಿಷ್ ಸಾಲು ಬರುತ್ತದೆ. ಕಥೆ ಓದಿಕೊಂಡು ಹೋಗಿದ್ದರೆ ಅದನ್ನು ಆಗಾಗ ನೋಡಿದರೆ ಸಾಕು. ಕಣ್ಣು ಮೇಳದ ಮೇಲಿರಲಿ. ಸೋಫೋಕ್ಲಿಸ್ ಕಾಲದಲ್ಲಿ ಅದರಲ್ಲಿ 15 ಜನ. ಹಾಡಿ, ಕುಣಿದು, ಕಥೆಗೆ ಎದುರು ಮಾತಾಡುವ ಅವರನ್ನು ನೋಡುತ್ತಾ ನನಗೆ ನಮ್ಮ ಮೂಡಲಪಾಯ ಯಕ್ಷಗಾನದ ಭಾಗವತರೂ ಹಿಮ್ಮೇಳವೂ ನೆನಪಾದರು. ಸಾವು ಮಾತ್ರ ಹೆಚ್ಚಾಗಿ ಕಣ್ಣೆದುರು ಆಗುವುದಿಲ್ಲ, ದೂತ ಬಂದು ಹೇಳುತ್ತಾನೆ. ಆ ಮಾತು ಬಂದಾಗ ಪರದೆ ನೋಡಬೇಡಿ, ಕೇಳಿಸಿಕೊಳ್ಳುವವರ ಮುಖ ನೋಡಿ.

ಸಂಗೀತವೇ ಬೇಕು ಅನ್ನುವವರಿಗೆ ಅಥೆನ್ಸ್‌ನಲ್ಲೇ, ಅಕ್ರೊಪೊಲಿಸ್ ಗುಡ್ಡದ ಬುಡದಲ್ಲಿ, ಹಿಂದೆ ಹೆರೋಡಿಸ್ ಆಟಿಕಸ್ ಅನ್ನುವವನು ಕಟ್ಟಿಸಿದ ಒಡಿಯಾನ್ ಅನ್ನುವ ಸಂಗೀತ ರಂಗಮಂದಿರ ಇದೆ. ಹಳೇ ಕಟ್ಟಡ, ದುರಸ್ತಿಗೆ ಮುಚ್ಚಿರಬಹುದು, ನೀವು ಹೋಗುವ ವರ್ಷ ತೆರೆದಿದೆಯಾ ಅಂತ ಮೊದಲೇ ನೋಡಿ.

ಊಟದ ಚಿಂತೆ ಬೇಡ. ಸಸ್ಯಾಹಾರಿಗಳು ಹೊರ್ತಾ ಕೇಳಿ, ನಮ್ಮ ಬೆರಕೆ ಸೊಪ್ಪಿನ ಹಾಗೆ ಬೇಯಿಸಿ ನಿಂಬೆರಸ, ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ. ನಾಟಕಕ್ಕೆ ಮುಂಚೆಯೇ ತಿಂದುಬಿಡಿ, ಮುಗಿದ ತಕ್ಷಣ ಬಸ್ಸಿಗೆ ನಡೆಯಬೇಕು. ಅಥೆನ್ಸ್ ತಲುಪುವಾಗ ನಡುರಾತ್ರಿ ದಾಟಿರುತ್ತದೆ, ಬಾಗಿಲು ತೆಗೆಯಲು ಯಾರಾದರೂ ಇರುತ್ತಾರಾ ಅಂತ ಹೋಟೆಲಿನಲ್ಲಿ ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ.